ಬೀಡಿ ಓಣ್ಯಾಗ ಗ್ರೀಕರ ಸಿನಿಮಾ

ಇಂಗ್ಲಿಷ್ ಪಿಚ್ಚರ್ ಅಂದ್ರ ಗಂಡಸರು ನೋಡೂ ಬಾಬತ್ತು ಅಂತಿದ್ರು ನಮ್ಮ ನಿಪ್ಪಾಣ್ಯಾಗ. ಅದು ಎಂಬತ್ತರ ದಶಕ, ನಾನು ಒಂಬತ್ತನೇ ಇಯತ್ತೆ. ನಮ್ಮ ಇತಿಹಾಸದ ಗುರುಗಳು ಒಂದಿನ, "ಇದು ಗ್ರೀಕರ ಪುರಾಣದ ಮ್ಯಾಲೆ ತಗದ ಪಿಚ್ಚರ್, ಮಕ್ಕಳು ನೋಡಬೇಕು" ಅಂತ ಇಡೀ ವರ್ಗಾನ ಸಾಲ ಹಚ್ಚಿ ಮಧ್ಯಾಹ್ನದ ಆಟಕ್ಕ ಕರಕೊಂಡು ಹೊಂಟ್ರು. ನನಗ ನೆಲದ ಮ್ಯಾಲೆ ಕಾಲ ನಿಲ್ಲಲಿಲ್ಲ. ನಮ್ಮ ಓಣ್ಯಾಗ ಅಂಥಾದ್ದೊಂದು ನೋಡಿದ ಮೊದಲನೇ ಹೆಣ್ಣು ನಾನ, ಬ್ಯಾರೆ ಮಾತಿಲ್ಲ!

ಹೀರೋ ನನಗಿಂತ ಎರಡ ವರ್ಷಕ್ಕ ದೊಡ್ಡಾಂವ ಇದ್ದಾನು, ಮೀಸಿ ಇನ್ನೂ ಚಿಗತಿರಲಿಲ್ಲ. ಅಪ್ಪ ದೇವರಂತ, ಅವ್ವ ನಮ್ಮಂಥಾ ಮನಶ್ಯಾಳಂತ. ಅಷ್ಟ ಗುರುಗಳು ಮೊದಲ ಹೇಳಿದ್ರು. ಮಾತು ಒಂದೂ ತಿಳೀಲಿಲ್ಲ. ತಿಳದು ಏನಾಗಬೇಕಾಗಿತ್ತು? ಕೂದಲದ ಬದಲಿ ತಲಿ ತುಂಬ ಹಾವು ಇದ್ದ ಹೆಂಗಸೊಬ್ಬಾಕಿ ಬಂದಳು ನೋಡ್ರಿ, ಆಕಿ ಕಣ್ಣಾಗ ಕಣ್ಣಿಟ್ಟಾವರೆಲ್ಲ ನಿಂತ ನಿಂತಲ್ಲೆ ಕಲ್ಲಾಗಾಕತ್ರು. ನಾವು ಹುಡಿಗೇರು ಒಬ್ಬರ ತೊಡಿ ಒಬ್ಬರು ಚೂಟಗೋತ ಕುಂತಿದ್ವಿ. ಹುಡುಗ ಮಿಂಚೂ ಢಾಲಿನ್ಯಾಗ ಆಕಿ ನೆಳ್ಳ ನೋಡಕೋತ, ಮಾರಿ ಆ ಕಡೆ ಮಾಡಿ, ಹಿಂದಿಂದಕ್ಕ ಸರದು ಬಂದ. ಖಡ್ಗ ಬೀಸಿದ. ಖಚಕ್! ತಲಿ ಹಾರಿತು. ಅದ ಹೊತ್ತಿಗೆ ಕರೆಂಟ್ ಹೋತು.

ಮಂದಿ ಸೀಟಿ ಹೊಡದ್ರು, ಕುರ್ಚಿ ಬಡದ್ರು. ಬರಲಿಲ್ಲ ಕರೆಂಟ್. ಸಾಲಿ ಬಿಡೂ ಹೊತ್ತಾತು ಅಂತ ಗುರುಗಳು ಎಬ್ಬಿಸಿಕೊಂಡು ಬಂದ್ರು. ಕಡದ ಮ್ಯಾಲೆ ಆ ಹುಡುಗ ಏನಾದ ಅನ್ನೂದು ನನಗ ಗೊತ್ತಾಗಲೇ ಇಲ್ಲ. ಆ ಸಿಟ್ಟು ಇವತ್ತಿಗೂ ಇಳದಿಲ್ಲ.

ನಮ್ಮ ಓಣ್ಯಾಗ ಒಂದು ಪದ್ಧತಿ ಇತ್ತು. ಮಧ್ಯಾಹ್ನ ಹೆಣ್ಣಮಕ್ಕಳೆಲ್ಲ ನಮ್ಮ ಪಡಸಾಲ್ಯಾಗ ಕೂಡಿ ಬೀಡಿ ಕಟ್ಟತಿದ್ರು. ತೊಡಿ ಮ್ಯಾಲೆ ಕಾಳ ಕೇರೂ ಮರ, ಮರದಾಗ ಎಲಿ, ತಂಬಾಕು, ದಾರ, ಸಣ್ಣ ಕತ್ತರಿ. ಯಾರು ಕಥಿ ಹೇಳತಾರೋ ಅವರು ಅವತ್ತ ಬೀಡಿ ಕಟ್ಟಂಗಿಲ್ಲ, ಅವರ ಪಾಲಿಂದು ಉಳದಾವರು ಕಟ್ಟಿ ಕೊಡಬೇಕು. ನನ್ನ ಪಾಳಿ ಎಂದ ಬಂದೀತು ಅಂತ ಎಷ್ಟ ವರ್ಷ ಬಾಯಿ ಬಿಟ್ಟಕೊಂಡ ಕುಂತಿದ್ನೋ! ಆ ಐತವಾರ ಓಣಿಯ ಹಿರೇಕಿ, ಎಲ್ಲಾರೂ ಆಯಿ ಅಂತ ಕರಿಯೂ ಮುದುಕಿ, "ಪಿಚ್ಚರ್ ನೋಡಿ ಬಂದೀಯಂತಲ್ಲಬೇ, ಎದ್ದ ನಿಂತ ಹೇಳ" ಅಂದಳು. ನಾನು ಎದ್ದ ನಿಂತೆ.

ಮೂಲ್ಯಾಗ ಮಾವಶಿ ಕುಂತಿದ್ದಳು. ನಮ್ಮ ಮನಿ ಬಾಜೂದಾಕಿ, ಅವ್ವಗ ತಂಗಿ ಇದ್ದಂಗ. ಆಕಿ ಕೂದಲ ಜಡಿಗಟ್ಟಿ ಹನ್ನೊಂದ ವರ್ಷ ಆಗಿತ್ತು, ಗಂಟಗಂಟಾಗಿ ಹಗ್ಗದಂಗ ಸೊಂಟದತನಾ ಇಳದಿದ್ವು. ನಮ್ಮ ಕಡೆ ಜಡಿ ಬಿತ್ತಂದ್ರ ಎಲ್ಲಮ್ಮ ತಾಯಿ ಬಂದಾಳ ಅಂತಾರ. ಭಂಡಾರದ ಅರಿಷಿಣ ಹಚ್ಚಬೇಕು, ಬಾಚಬಾರದು, ಕತ್ತರಿ ಮುಟ್ಟಿಸಿದಾವರು ರಕ್ತ ಕಾರಿ ಸಾಯತಾರ ಅಂತಾರ. ತೂಕಕ್ಕ ಮಾವಶಿ ಕುತ್ತಿಗಿ ಒಂದ ಕಡೆ ವಾಲಿಬಿಟ್ಟಿತ್ತು. ಒಳಗ ಹುಣ್ಣಾಗಿ ಕೀವ ಇಳೀತಿತ್ತು. ತಗಸಿ ಹಾಕದಿದ್ರ ವಿಷ ಏರತೈತಿ ಅಂತ ದವಾಖಾನಿ ಸಿಸ್ಟರು ಹೇಳಿದ್ರು. ಆದ್ರ ಯಾರ ತಗೀಬೇಕು? ಕ್ಷೌರದಾಂವ ಸೈತ ದೂರಿಂದ ಕೈ ಮುಗದು ಕಳಸಿದ್ದ.

ನಾನು ಕಥಿ ರಂಗಕ್ಕ ತಂದೆ. ಢಾಲಿನ ಬದಲಿ ಊಟದ ತಾಟು, ಖಡ್ಗದ ಬದಲಿ ಕಸಬರಗಿ. ಹಾವಿನ ಹೆಂಗಸು ಬರೂ ಹೊತ್ತಿಗೆ ನನ್ನ ಮೈಯಾಗ ನಾನ ಇರಲಿಲ್ಲ. "ಹಾವು ಹೆಂಗ ಇದ್ವು ಅಂತೀರಿ! ಥೇಟ್ ನಮ್ಮ ಮಾವಶಿ ಜಡಿ ಇದ್ದಂಗ!" ಅಂದಬಿಟ್ಟೆ.

ಎಲ್ಲಾರ ಕೈ ನಿಂತ್ವು. ಅವ್ವ ಕಣ್ಣ ಕೆಕ್ಕರಿಸಿ, "ಬಾಯಿಗೆ ಹತೋಟಿ ಇಲ್ಲೇನ ನಿನಗ?" ಅಂದಳು. ನನ್ನ ನಾಲಿಗಿ ನಾನ ಕಡಕೋಬೇಕು ಅನಸ್ತು.

"ಇರಲಿ ಬಿಡಕ್ಕಾ," ಅಂದಳು ಮಾವಶಿ. "ಆ ಹೆಂಗಸು ಏನ ತಪ್ಪ ಮಾಡಿದ್ದಳಬೇ?"

"ಗೊತ್ತಿಲ್ಲ ಮಾವಶಿ. ಇಂಗ್ಲಿಷ್‌ನ್ಯಾಗ ಇತ್ತು."

"ಎಲ್ಲಾ ದೇಶದಾಗೂ ಹೆಂಗಸಿನ ತಲಿ ಮ್ಯಾಲೆ ಹೊರಸೂದ ಬಂದೈತಿ," ಅಂದಳು ಆಯಿ. "ನೀ ಮುಂದ ಹೇಳ."

ಹೇಳಿದೆ. ತಾಟಿನ್ಯಾಗ ನೋಡಕೋತ ಹಿಂದಕ್ಕ ಸರದೆ, ಕಸಬರಗಿ ಬೀಸಿದೆ, ಖಚಕ್ ಅಂದೆ. "ಅಯ್ಯ ಯವ್ವಾ!" ಅಂತ ಎಲ್ಲಾರೂ ಚೀರಿದ್ರು. ನನಗ ಹಬ್ಬ ಆಗಿತ್ತು. ಆವಾಗ ಮಾವಶಿ ಸಣ್ಣ ದನ್ಯಾಗ ಕೇಳಿದಳು, "ಕಡದಾವಗ ಏನಾತು?"

ಯಾಕ ಕೇಳಾಕತ್ತಾಳ ಅನ್ನೂದು ಅಲ್ಲಿದ್ದಾವರಿಗೆಲ್ಲ ತಿಳೀತು. ನನಗೂ ತಿಳೀತು. ಗೊತ್ತಿಲ್ಲ ಅನ್ನಬೇಕಾಗಿತ್ತು. ಆದ್ರ ಆ ಡೊಂಕ ಕುತ್ತಿಗಿ ನೋಡಿ ಬಾಯಿಗೆ ಬ್ಯಾರೇನ ಬಂತು.

"ಏನೂ ಆಗಲಿಲ್ಲ ಮಾವಶಿ. ಹಾರೂ ಕುದರಿ ಹತ್ತಿ ಊರಿಗೆ ಬಂದ. ರಾಜನ ಮಗಳನ್ನ ಲಗ್ನ ಆದ."

"ರಕ್ತ ಕಾರಲಿಲ್ಲ?"

"ಒಂದ ಹನೀನೂ ಇಲ್ಲ."

ಮಾವಶಿ ಮರ ಬದಿಗಿಟ್ಟಳು. ಎಲಿ ಕತ್ತರಸೂ ಕತ್ತರಿ ತಗೊಂಡು ನನ್ನ ಮುಂದ ಹಿಡದಳು. "ಹಂಗಾರ ನೀನ ತಗೀ. ಕಣ್ಣಾರೆ ನೋಡಿದಾಕಿ ನೀ ಒಬ್ಬಾಕಿನ."

"ಬ್ಯಾಡ! ಇರೂದೊಂದ ಕೂಸ ನನಗ!" ಅಂತ ಅವ್ವ ಎದ್ದ ಬಂದಳು. ಸುಳ್ಳ ಹೇಳಿದಾಕಿ ನಾನ, ಈಗ ಕತ್ತರಿ ಬಂದಿದ್ದೂ ನನ್ನ ಕೈಗೆ. ಸುಳ್ಳ ಅಂತ ಒಪ್ಪಿಕೊಂಡ್ರ ನಾನು ಉಳೀತಿದ್ದೆ, ಮಾವಶಿ ಉಳೀತಿರಲಿಲ್ಲ. ನಾನು ಕತ್ತರಿ ಇಸಕೊಂಡೆ.

ಬೀಡಿ ಎಲಿ ಕತ್ತರಿ ಅದು, ಜಡಿ ಎಲ್ಲಿ ಕೇಳತೈತಿ? ಕಚ್ಚಿ ಕುಂದ್ರತಿತ್ತು, ಜಾರತಿತ್ತು. ಒಂದೊಂದ ಎಳಿ ಕಡದಾಗೊಮ್ಮೆ ಉಗಳ ನುಂಗಿ, ಉಪ್ಪ ಹತ್ತತೈತೇನ ಅಂತ ನೋಡಕೋತಿದ್ದೆ. ಮೊದಲನೇ ಜಡಿ ಬಿದ್ದ ಕೂಡಲೆ ಆಯಿ, "ಉಧೋ! ಉಧೋ!" ಅಂತ ತಾಯಿ ಹೆಸರ ಎತ್ತಿದಳು. ಉಳದಾವರೂ ದನಿ ಕೂಡಿಸಿದ್ರು. ಕಡೀಕ ಅವ್ವನೂ ಕೂಡಿಸಿದಳು, ಅಳಕೋತ. ಆ ಗದ್ದಲದಾಗ ನನ್ನ ಕೈಗೆ ಎಲ್ಲಿಂದಲೋ ಬಲ ಬಂತು. ಅಂಜಿಕಿನೂ ಇತ್ತು, ಖುಷಿನೂ ಇತ್ತು, ಎರಡೂ ಕೂಡಿ ನಗಿ ಬರಾಕತ್ತಿತ್ತು. ಕಡೀ ಜಡಿ ಧಪ್ ಅಂತ ನೆಲಕ್ಕ ಬಿತ್ತು. ಆಯಿ ಅವಕ್ಕ ಭಂಡಾರ ಹಾಕಿ, ಹೊಳಿಗೆ ಬಿಡಾಕ ಅಂತ ಹೊಸಾ ಬುಟ್ಟ್ಯಾಗ ತುಂಬಿದಳು.

ಮಾವಶಿ ಕುತ್ತಿಗಿ ಮೆಲ್ಲಕ ಎತ್ತಿದಳು. ಎಡಕ್ಕ ಹೊಳ್ಳಿಸಿದಳು, ಬಲಕ್ಕ ಹೊಳ್ಳಿಸಿದಳು. ಆಮ್ಯಾಲೆ ಹಿಂದ ತಿರುಗಿ ನನ್ನ ಗದ್ದ ಹಿಡದಳು.

"ಬಾಯಿ ತಗೀಬೇ," ಅಂದಳು.

ತಗದೆ. ತಂಬಾಕದ ವಾಸನಿ ಬೆರಳ ಹಾಕಿ, ನಾಲಿಗಿ ಎತ್ತಿ, ಹಲ್ಲಿನ ಸಂದಿ ಎಲ್ಲಾ ನೋಡಿದಳು. ಎರಡ ಸಲ ನೋಡಿದಳು.

"ಇಲ್ಲಬೇ, ರಕ್ತ ಇಲ್ಲ! ಅಕ್ಕಾ, ನಿನ್ನ ಮಗಳಿಗೇನೂ ಆಗಿಲ್ಲ!" ಅಂತ ಚೀರಿ, ನನ್ನ ಎದಿಗವಚಿಕೊಂಡು, ಓಣಿಗೆಲ್ಲ ಕೇಳೂವಂಗ ಅತ್ತಳು.