ಸಿದ್ದಮ್ಮನ ಮನೆಯ ಚಿಲಕ

೧೯೮೨ರಲ್ಲಿ ನಾನು ಮಧುಗಿರಿಯ ಒಂದು ತಾಂತ್ರಿಕ ತರಬೇತಿ ಶಾಲೆಯಲ್ಲಿ ಮರಗೆಲಸದ ಬೋಧಕನಾಗಿದ್ದೆ. ಕೊರಟಗೆರೆ ಬಸ್ ನಿಲ್ದಾಣದ ಜಗಲಿಯಲ್ಲೇ ವರ್ಷಗಟ್ಟಲೆ ಬದುಕಿದ್ದ ಸಿದ್ದಮ್ಮ ಎಂಬ ಒಂಟಿ ಹೆಂಗಸಿಗೆ ಒಂದು ಕೋಣೆಯ ಮನೆಯನ್ನೂ ಅದರೊಳಗಿನ ಸಾಮಾನನ್ನೂ ವಿನ್ಯಾಸ ಮಾಡಿ ಕಟ್ಟಿಕೊಡುವ ಕೆಲಸ ಆ ವರ್ಷ ನಮ್ಮ ವಿದ್ಯಾರ್ಥಿಗಳಿಗೆ ಸಿಕ್ಕಿತು. ಜಾಗ ಕೊಟ್ಟ ತಾಲ್ಲೂಕು ಕಚೇರಿಯವರದು ಒಂದೇ ಷರತ್ತು. ಅವರು ತನಿಖೆಗೆ ಬರುವಾಗ ಆಕೆ ಅಲ್ಲಿ ವಾಸವಾಗಿರಬೇಕು, ಇಲ್ಲದಿದ್ದರೆ ಮನೆ ಬೇರೆಯವರ ಪಾಲು.

ವಿದ್ಯಾರ್ಥಿಗಳು ಮೈಮುರಿದು ದುಡಿದರು. ಕಲ್ಲುಚಪ್ಪಡಿಯ ಸೂರು, ಕೂತಲ್ಲೇ ಕೈಗೆಟುಕುವ ಗೋಡೆಗೂಡು, ಬಟ್ಟೆಗಂಟು ಇಡಲು ಅಡಿಯಲ್ಲಿ ಪೆಟ್ಟಿಗೆಯಿದ್ದ ಮಂಚ. ಹೊಸ ಸಾಮಾನು ಕಳುವಾದೀತೆಂದು ಬಾಗಿಲ ಹೊರಗೆ ದಪ್ಪ ಚಿಲಕ ಜಡಿದರು. ನಮ್ಮ ಕಡೆ ಹಗಲು ಮನೆಯಲ್ಲಿ ಜನವಿದ್ದಾಗ ಬಾಗಿಲು ಹಾಕುವ ರೂಢಿಯೇ ಇಲ್ಲವಾದ್ದರಿಂದ ಒಳಗೆ ಒಂದು ಸಣ್ಣ ಕೊಂಡಿ ಸಾಕೆಂದುಕೊಂಡರು.

ತನಿಖೆಯ ಹಿಂದಿನ ದಿನ ಬೆಳಿಗ್ಗೆ ಸಿದ್ದಮ್ಮ ಗಂಟು ಹಿಡಿದು ಬಂದವಳು ಹೊಸಿಲ ಆಚೆಯೇ ನಿಂತಳು.

"ಚಿಲಕ ಆಚೆಕಡೆ ಯಾಕಪ್ಪ ಇಕ್ಕಿದೀರಾ?"

"ಹೊರಗೋಗುವಾಗ ಬೀಗ ಹಾಕ್ಕೊಳ್ಳಾಕೆ ಕಣಮ್ಮ," ಅಂದ ತಂಡದ ಮುಂದಾಳು ನಾಗರಾಜ.

"ಭಿಕ್ಷುಕರು ಅಂತ ಸರ್ಕಾರದೋರು ನಮ್ಮನ್ನ ವ್ಯಾನ್‌ಗೆ ತುಂಬ್ಕೊಂಡು ಹೋಗಿದ್ರಲ್ಲ, ಅವರೂ ಕೂಡಾಕಿ ಇಂಗೇ ಆಚೆಯಿಂದ ಚಿಲಕ ಹಾಕಿದ್ರು. ನಾನು ಒಳಕ್ಕೆ ಬರಾಕಿಲ್ಲ ಬುಡಿ."

ಗಂಟು ಎತ್ತಿಕೊಂಡು ಹೊರಟೇಬಿಟ್ಟಳು. ನಾನು ಹಿಂದೆಯೇ ಓಡಿದೆ. ಸಂಜೆಯೊಳಗೆ ಬಾಗಿಲು ಬದಲಿಸುತ್ತೇವೆ, ನೋಡಿ ತೀರ್ಮಾನಿಸು ಎಂದು ಅಂಗಲಾಚಿದೆ. ನಾಗರಾಜ ಚಿಲಕ ಕಿತ್ತ. ತಂಡದಲ್ಲಿದ್ದ ಶಿರಾದ ಹುಡುಗ ಶಮೀಮ ತುಮಕೂರಿಗೆ ಬಸ್ಸು ಹತ್ತಿ ನೈಟ್ ಲ್ಯಾಚ್ ತಂದ. ಇದನ್ನು ಹೊರಗಿನಿಂದ ಕೀಲಿ ಇದ್ದವರು ಮಾತ್ರ ತೆರೆಯಬಹುದು. ಒಳಗಿದ್ದವರಿಗೆ ಕೀಲಿ ಬೇಡ, ಒಳಬದಿಯ ಗುಂಡು ಹಿಡಿ ತಿರುಗಿಸಿದರೆ ಸಾಕು.

ಸಂಜೆ ಮರಳಿ ಬಂದ ಸಿದ್ದಮ್ಮ ಸುಮ್ಮನೆ ನಂಬುವ ಪೈಕಿಯಲ್ಲ. "ಮೇಷ್ಟ್ರೇ, ನೀವು ಒಳಗೋಗಿ," ಅಂದಳು. ನನ್ನನ್ನು ಒಳಗೆ ಕೂಡಿಹಾಕಿ ಬಾಗಿಲು ಎಳೆದು, ಕೀಲಿ ತಿರುಗಿಸಿ ಕಾದಳು. ನಾನು ಹೊರಗೆ ಬಂದೆ. ಇನ್ನೊಂದು ಸಲ ಕಳಿಸಿದಳು, ಆಗಲೂ ಬಂದೆ. ವಿದ್ಯಾರ್ಥಿಗಳು ಮುಸಿಮುಸಿ ನಕ್ಕರು. ಆಕೆ ನಗಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನ ತಾಲ್ಲೂಕು ಕಚೇರಿಯ ಅಧಿಕಾರಿ ಬಂದು ಬಾಗಿಲು ತಟ್ಟಿದರು. ಸದ್ದಿಲ್ಲ. ಮತ್ತೆ ತಟ್ಟಿದರು. ಆಕೆ ಬಸ್ ನಿಲ್ದಾಣಕ್ಕೇ ವಾಪಸಾಗಿದ್ದರೆ ಮಾಡಿದ್ದೆಲ್ಲ ನೀರುಪಾಲು ಎಂದುಕೊಂಡೆ. ಅಧಿಕಾರಿ ಗಡಿಯಾರ ನೋಡಿಕೊಂಡು ಜೀಪಿನತ್ತ ತಿರುಗಿದರು.

"ಯಾರದು?" ಎಂದು ಒಳಗಿನಿಂದ ದನಿ ಬಂತು.

"ತಾಲ್ಲೂಕು ಕಚೇರಿಯವರು."

"ಸೀರೆ ಉಡ್ತಾ ಇವ್ನಿ. ಇರಿ, ಬತ್ತೀನಿ."

ಅಧಿಕಾರಿ, ನಾನು, ವಿದ್ಯಾರ್ಥಿಗಳು, ಎಲ್ಲರೂ ಬಿಸಿಲಲ್ಲಿ ನಿಂತೆವು. ಅಷ್ಟು ವರ್ಷ ಬಸ್ಸಿಗೆ ಕಾಯುವವರ ಕಣ್ಣೆದುರೇ ಸೀರೆ ಬದಲಿಸಿದವಳು ಆಕೆ. ಕಾಯುತ್ತಾ ನನಗೆ ಕಣ್ಣು ತುಂಬಿತು. ಆಮೇಲೆ ವಿದ್ಯಾರ್ಥಿಗಳು ಬರೆದ ಎಷ್ಟೋ ಮನೆಗಳ ನಕ್ಷೆ ತಿದ್ದಿದೆ. ಪ್ರತಿ ಸಲವೂ ಬಾಗಿಲ ಒಳಮುಖವನ್ನೇ ಮೊದಲು ಬರೆಸುತ್ತಿದ್ದೆ.