ನಕ್ಷತ್ರ ಕಂಡರಾಗದ ಪ್ರೂಫ್ ಮೇಷ್ಟ್ರು
ಅಕ್ಷರದ ಹೆಗಲೇರಿ ಕೂರುವ ಆ ಪುಟ್ಟ ನಕ್ಷತ್ರ ಚಿಹ್ನೆಯನ್ನು ಕಂಡರೆ ಪ್ರೆಸ್ಸಿನ ಪ್ರೂಫ್ ಮೇಷ್ಟ್ರಿಗೆ ಮೈಯೆಲ್ಲ ಉರಿಯುತ್ತದೆ. ಜಾಹೀರಾತಿನಲ್ಲಿ ‘ಉಚಿತ’ದ ಪಕ್ಕ ಅದು ಕಂಡಿತೋ, ಕನ್ನಡಕವನ್ನು ಮೂಗಿನ ತುದಿಗಿಳಿಸಿ ನೇರ ಪುಟದ ತಳಕ್ಕೆ ಹೋಗುತ್ತಾರೆ, ಅಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ‘ಷರತ್ತುಗಳು ಅನ್ವಯಿಸುತ್ತವೆ’ ಎಂದಿರುತ್ತದೆ. “ಮೇಲೆ ಕೊಟ್ಟಂಗೆ ಮಾಡಿ ಕೆಳಗೆ ಕಿತ್ಕೋತಾರೆ,” ಎಂದು ಹಲ್ಲು ಕಡಿಯುತ್ತಾರೆ. ಕತೆಗಾರರು ಬೈಗುಳದ ನಡುವೆ ನಕ್ಷತ್ರ ತುಂಬಿ ಕಳಿಸಿದರೆ, “ಬೈಯೋದಾದ್ರೆ ಬಾಯ್ತುಂಬ ಬೈರಿ, ಇಲ್ಲ ಸುಮ್ನಿರಿ,” ಎಂದು ಫೋನಿನಲ್ಲೇ ಜಾಡಿಸುತ್ತಾರೆ. ಪಾಸ್‌ವರ್ಡನ್ನು ನಕ್ಷತ್ರಗಳ ಸಾಲಾಗಿಸುವ ಕಂಪ್ಯೂಟರಿನ ಮೇಲೂ ರೇಗುತ್ತಾರೆ: “ನಾನು ಬರ್ದಿದ್ದನ್ನ ನನಗೇ ಮುಚ್ಚಿಡ್ತೀಯಾ?” ಮೊನ್ನೆ ನಿವೃತ್ತ ನರ್ಸ್‌ಗಳ ಸಂಘದ ಸದಸ್ಯರ ಪಟ್ಟಿ ತಿದ್ದಲು ಬಂತು. ತೀರಿಕೊಂಡವರ ಹೆಸರಿಗೆ ನಕ್ಷತ್ರ ಹಾಕಿ, ಪುಟದ ತಳದಲ್ಲಿ ಅದರ ಅರ್ಥ ಕೊಟ್ಟಿದ್ದರು. ಒಂದೊಂದೇ ಹೆಸರು ನೋಡುತ್ತ ಬಂದ ಮೇಷ್ಟ್ರು ಈಗಿಲ್ಲದ ತಮ್ಮ ಹೆಂಡತಿಯ ಹೆಸರಿನ ಬಳಿ ನಿಂತರು. ಅದಕ್ಕೂ ನಕ್ಷತ್ರವಿತ್ತು. ಜೀವಮಾನದಲ್ಲಿ ಮೊದಲ ಸಲ ಅವರು ಪುಟದ ತಳಕ್ಕೆ ಕಣ್ಣು ಹಾಯಿಸಲಿಲ್ಲ. ಕಾಗದ ಹರಿಯುವಷ್ಟು ಒತ್ತಿ, ಆ ಒಂದು ನಕ್ಷತ್ರವನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದರು. “ಅಚ್ಚಿನ ತಪ್ಪು, ತೆಗೀರಿ,” ಎಂದರು.