ಗುದ್ದಿದರೆ ಏಳುವ ಕೈ

ಹಳೆ ಕಾರುಗಳ ಸಂಗ್ರಹಾಲಯದಲ್ಲಿ ಆ ಕಪ್ಪು ಕಾರನ್ನು ಕಂಡದ್ದೇ ತಡ, ಡ್ರೈವರ್‌ನ ಹೆಂಡತಿ ನಿಂತೇಬಿಟ್ಟಳು. ಗಂಡ ಮೂವತ್ತು ವರ್ಷ ಟ್ಯಾಕ್ಸಿ ಓಡಿಸಿದ್ದು ಇಂಥದ್ದನ್ನೇ. ತಿರುವಿನಲ್ಲಿ ಮಿನುಗುವ ದೀಪ ಇದಕ್ಕಿಲ್ಲ. ಸ್ವಿಚ್ಚು ಒತ್ತಿದರೆ ಬಾಗಿಲ ಪಕ್ಕದ ಕಂಬದೊಳಗಿಂದ ಗೇಣುದ್ದದ ಪಟ್ಟಿಯೊಂದು ಕೈಯಂತೆ ಹೊರಚಾಚುತ್ತದೆ. ಈಗ ಯಾರಿಗೂ ನೆನಪಿಲ್ಲದ ಉಪಾಯ.

"ನಮ್ಮ ಕಾರಿನ ಕೈ ಮಹಾ ಮೊಂಡು. ಕಂಬಕ್ಕೆ ಗುದ್ದಿದ್ರೇನೇ ಏಳ್ತಿತ್ತು," ಎಂದು ಆಕೆ ಜೊತೆಗಿದ್ದ ಮಗಳಿಗೆ ನೂರೊಂದನೇ ಸಲ ಶುರುಮಾಡಿದಳು. "ನೀನು ಹುಟ್ಟೋ ದಿನ, ಹೆರಿಗೆ ನೋವಲ್ಲೂ, ಆಸ್ಪತ್ರೆವರೆಗೆ ಪ್ರತಿ ತಿರುವಿಗೂ ಗುದ್ದಿದೀನಿ. ಇವರು 'ಗುದ್ದೇ' ಅನ್ನೋದು, ನಾನು ಗುದ್ದೋದು. ನರ್ಸು ನನ್ನ ಕೆಂಪಾದ ಮುಷ್ಟಿ ನೋಡಿ, ಯಾರ ಜೊತೆ ಜಗಳ ಅಂತ ಕೇಳಿದ್ಲು. ನಾನು ಗುದ್ದದೆ ಇದ್ದಿದ್ರೆ ನೀನು ರಸ್ತೆ ಮಧ್ಯದಲ್ಲೇ ಹುಟ್ತಿದ್ದೆ."

ಮಾತಾಡಿದರೆ ಮುತ್ತು ಉದುರೀತು ಎಂಬಂತೆ ಅಷ್ಟು ಹೊತ್ತೂ ಪಕ್ಕದಲ್ಲೇ ನಿಂತಿದ್ದ ಗಂಡ ಗಂಟಲು ಸರಿಮಾಡಿಕೊಂಡ. "ಅದನ್ನ ಹಿಂದಿನ ದಿನಾನೇ ರಿಪೇರಿ ಮಾಡಿದ್ದೆ ಕಣೇ."

"ಮತ್ತೆ ಗುದ್ದು ಅಂದಿದ್ದು ಯಾಕ್ರೀ?"

"ನೀನು ಹಲ್ಲು ಕಚ್ಕೊಂಡು ಕೂತಿದ್ದೆ. ನನಗೆ ನೋಡೋಕಾಗ್ಲಿಲ್ಲ. ಏನಾದ್ರೂ ಕೆಲಸ ಕೊಟ್ರೆ ನೋವು ಸ್ವಲ್ಪ ಮರೀತೀಯ ಅಂತ."

ನಲವತ್ತು ವರ್ಷದ ಜಂಬ ಒಂದೇ ಗಳಿಗೆಯಲ್ಲಿ ಇಳಿಯಿತು. ಆಕೆ ಮುಷ್ಟಿ ಬಿಗಿದು ಗಂಡನ ಭುಜಕ್ಕೊಂದು ಗುದ್ದಿದಳು.

ಆತನ ಕೈ ಮೆಲ್ಲಗೆ ಮೇಲೆದ್ದು ಆಕೆಯ ಹೆಗಲ ಮೇಲೆ ಕೂತಿತು.